ವಾಕ್ಯ ಯಾವ ಕಡೆಗೆ ಬೆಳೆಯುತ್ತದೆ?

ಕರ್ತೃ, ಕರ್ಮ, ಕ್ರಿಯಾಪದ: ಈ ಮೂವರ ಪರಿಚಯ ಶಾಲೆಯಲ್ಲೇ ಆಗಿರುತ್ತದೆ. ಕೆಲಸ ಮಾಡುವುದು ಕರ್ತೃ, ಆ ಕೆಲಸಕ್ಕೆ ಒಳಗಾಗುವುದು ಕರ್ಮ, ನಡೆದದ್ದನ್ನು ಹೇಳುವುದು ಕ್ರಿಯಾಪದ. 'ಬೆಕ್ಕು ಇಲಿಯನ್ನು ಹಿಡಿಯಿತು' ಎಂಬಲ್ಲಿ ಮೂರೂ ಇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಡುವೆ ಬರುತ್ತದೆ: 'ದ ಕ್ಯಾಟ್ ಕಾಟ್ ದ ರ್‍ಯಾಟ್'. ವೆಲ್ಶ್, ಐರಿಷ್ ಭಾಷೆಗಳಲ್ಲಿ ಅದು ಎಲ್ಲಕ್ಕಿಂತ ಮೊದಲು. ಮಡಗಾಸ್ಕರ್ ದ್ವೀಪದ ಮಲಗಾಸಿಯಲ್ಲಿ ಮೊದಲು ಕ್ರಿಯಾಪದ, ಆಮೇಲೆ ಕರ್ಮ, ಕಟ್ಟಕಡೆಗೆ ಕರ್ತೃ.

ಮೂರು ಪದಗಳನ್ನು ಆರು ಬಗೆಯಲ್ಲಿ ಜೋಡಿಸಬಹುದಷ್ಟೆ. ಆರೂ ಬಗೆಯ ಭಾಷೆಗಳು ಭೂಮಿಯ ಮೇಲಿವೆ. ಕರ್ಮವೇ ಮೊದಲು ಬರುವ ಭಾಷೆ ಇರಲಾರದು ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಬ್ರೆಜಿಲಿನ ಅಮೆಜಾನ್ ಕಾಡಿನ ಹಿಷ್ಕರ್ಯಾನ ಎಂಬ ಪುಟ್ಟ ಭಾಷೆಯನ್ನು ಕಲಿತು ಬರೆದ ಡೆಸ್ಮಂಡ್ ಡರ್ಬಿಶೈರ್ 1970ರ ದಶಕದಲ್ಲಿ ಆ ನಂಬಿಕೆಯನ್ನು ಮುರಿದರು. ಅಲ್ಲಿ 'ತೊತೊ ಯಹೊಸಿಯೆ ಕಮರ' ಎನ್ನುತ್ತಾರೆ. ತೊತೊ ಎಂದರೆ ಮನುಷ್ಯ, ಕಮರ ಎಂದರೆ ಜಾಗ್ವಾರ್, ನಡುವಿನದು 'ಹಿಡಿಯಿತು'. ಹಿಡಿದದ್ದು ಜಾಗ್ವಾರ್, ಸಿಕ್ಕಿಬಿದ್ದವನು ಮನುಷ್ಯ. ಕೆಲವೇ ನೂರು ಜನ ಆಡುವ ಒಂದು ನುಡಿ ಲೋಕದ ವ್ಯಾಕರಣ ಪುಸ್ತಕಗಳನ್ನೇ ತಿದ್ದಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆರು ಬಗೆಗಳಿದ್ದರೂ ಹಂಚಿಕೆ ಸಮನಾಗಿಲ್ಲ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ ಸುಮಾರು 1,370 ಭಾಷೆಗಳನ್ನು ಪಟ್ಟಿ ಮಾಡಿದಾಗ 560ಕ್ಕೂ ಹೆಚ್ಚು ಭಾಷೆಗಳು ಕನ್ನಡದ ಸಾಲಿನಲ್ಲಿ ನಿಂತವು, 480ಕ್ಕೂ ಹೆಚ್ಚು ಇಂಗ್ಲಿಷಿನ ಸಾಲಿನಲ್ಲಿ. ಕರ್ಮದಿಂದ ಶುರುವಾಗುವವು ಇಪ್ಪತ್ತನ್ನೂ ಮುಟ್ಟಲಿಲ್ಲ. ಇಂಗ್ಲಿಷ್ ಕಲಿಸುವವರು 'ನಮ್ಮದು ಉಲ್ಟಾ ಭಾಷೆ' ಎಂದು ಮಕ್ಕಳಿಗೆ ಹೇಳುವುದುಂಟು. ಹಾಗೆ ಹೇಳಬಾರದು. ಜಪಾನಿ, ಕೊರಿಯನ್, ಟರ್ಕಿಶ್, ಬಾಸ್ಕ್, ದಕ್ಷಿಣ ಅಮೆರಿಕದ ಕ್ವೆಚುವಾ ಎಲ್ಲವೂ ಕ್ರಿಯಾಪದವನ್ನು ಕೊನೆಗಿಡುತ್ತವೆ. ಲೋಕದಲ್ಲಿ ಹೆಚ್ಚು ಭಾಷೆಗಳು ಹಿಡಿದಿರುವ ದಾರಿಯೇ ನಮ್ಮದು.

ಯಾರು ಯಾರನ್ನು ಹಿಡಿದರು ಎಂದು ತಿಳಿಸಲು ಇಂಗ್ಲಿಷ್ ಪದದ ಜಾಗವನ್ನು ನಂಬುತ್ತದೆ. ಕ್ಯಾಟ್, ರ್‍ಯಾಟ್ ಜಾಗ ಬದಲಿಸಿದರೆ ಇಲಿಯೇ ಬೆಕ್ಕನ್ನು ಹಿಡಿದಂತಾಗುತ್ತದೆ. ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದವು. ಅವು ಸವೆದುಹೋದ ಮೇಲೆ ಆ ಹೊಣೆ ಜಾಗದ ಮೇಲೆ ಬಿತ್ತು. 'ಹಿ' ಮತ್ತು 'ಹಿಮ್', 'ಐ' ಮತ್ತು 'ಮಿ' ಎಂಬ ಜೋಡಿಗಳು ಹಳೆಯ ಪದ್ಧತಿಯ ಕುರುಹುಗಳು. ಕನ್ನಡ ನಂಬುವುದು ಪ್ರತ್ಯಯವನ್ನು. 'ಇಲಿಯನ್ನು ಬೆಕ್ಕು ಹಿಡಿಯಿತು' ಎಂದರೂ ಇಲಿಯ ಗತಿ ಬದಲಾಗುವುದಿಲ್ಲ, 'ಅನ್ನು' ಅದನ್ನು ಬಿಡುವುದಿಲ್ಲ.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಪ್ರತ್ಯಯ ಇದೆ, ಆದ್ದರಿಂದ ಕನ್ನಡದಲ್ಲಿ ಪದಗಳನ್ನು ಹೇಗೆ ಬೇಕಾದರೂ ಇಡಬಹುದು ಎಂದು ತೀರ್ಮಾನಿಸಿಬಿಡುತ್ತಾರೆ. ಅದು ಅರ್ಧ ಸತ್ಯ. ಮಾತಿನಲ್ಲಿ 'ಅನ್ನು' ಬಿಟ್ಟು 'ಬೆಕ್ಕು ಇಲಿ ಹಿಡೀತು' ಅಂದಾಗ ನಾವೂ ಜಾಗವನ್ನೇ ನೆಚ್ಚಿಕೊಳ್ಳುತ್ತೇವೆ. 'ಇಲಿ ಬೆಕ್ಕು ಹಿಡೀತು' ಅಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಪ್ರತ್ಯಯ ಇದ್ದಾಗಲೂ ಜಾಗ ಸುಮ್ಮನಿರುವುದಿಲ್ಲ, ಬೇರೆ ಕೆಲಸ ಮಾಡುತ್ತದೆ. 'ಇಲಿಯನ್ನು ಯಾವುದು ಹಿಡಿಯಿತು?' ಎಂದು ಕೇಳಿದರೆ ಸಹಜವಾದ ಉತ್ತರ 'ಇಲಿಯನ್ನು ಬೆಕ್ಕು ಹಿಡಿಯಿತು'. ಕ್ರಿಯಾಪದಕ್ಕೆ ತೀರ ಹತ್ತಿರದ ಜಾಗವನ್ನು ಕನ್ನಡ ಹೊಸ ಸುದ್ದಿಗೆ ಕೊಡುತ್ತದೆ. ಪ್ರಶ್ನೆಯ 'ಆ'ಕಾರವೂ ಹೀಗೆಯೇ, ಅನುಮಾನ ಎಲ್ಲಿದೆಯೋ ಅಲ್ಲಿಗೇ ಹೋಗಿ ಅಂಟುತ್ತದೆ. 'ಬೆಕ್ಕು ಇಲಿಯನ್ನು ಹಿಡಿಯಿತಾ?', 'ಬೆಕ್ಕು ಇಲಿಯನ್ನಾ ಹಿಡಿದದ್ದು?', 'ಬೆಕ್ಕಾ ಇಲಿಯನ್ನು ಹಿಡಿದದ್ದು?' ಈ ಮೂರೂ ಬೇರೆ ಬೇರೆ ಪ್ರಶ್ನೆಗಳು.

ಇಷ್ಟು ಪೀಠಿಕೆ. ನಾನು ಹೇಳಲು ಕಾದಿರುವ ಮುಖ್ಯ ಸಂಗತಿ ಈಗ ಬರುತ್ತದೆ. ಈ ಎರಡನ್ನು ಒಂದರ ಕೆಳಗೊಂದು ಬರೆದುಕೊಳ್ಳಿ:

ಮನೆಯ ಹಿಂದಿನ ಮರದ ಮೇಲಿನ ಗೂಡು

ದ ನೆಸ್ಟ್ ಆನ್ ದ ಟ್ರೀ ಬಿಹೈಂಡ್ ದ ಹೌಸ್

'ದ'ಗಳನ್ನು ಬಿಟ್ಟು ಇಂಗ್ಲಿಷ್ ಸಾಲನ್ನು ಬಲದಿಂದ ಎಡಕ್ಕೆ ಓದಿ. ಹೌಸ್, ಬಿಹೈಂಡ್, ಟ್ರೀ, ಆನ್, ನೆಸ್ಟ್. ಮನೆಯ, ಹಿಂದಿನ, ಮರದ, ಮೇಲಿನ, ಗೂಡು. ಒಂದು ಪದವೂ ಆಚೀಚೆ ಆಗಿಲ್ಲ. ಇನ್ನೊಂದು ನೋಡಿ. 'ಹೋಗಬೇಕಾಗಬಹುದು' ಎಂಬ ಒಂದೇ ಪದವನ್ನು ಬಿಡಿಸಿದರೆ ಹೋಗು, ಬೇಕಾಗು, ಬಹುದು ಎಂಬ ಮೂರು ತುಂಡುಗಳು. ಇಂಗ್ಲಿಷಿನಲ್ಲಿ 'ಮೇ ಹ್ಯಾವ್ ಟು ಗೋ'. 'ಮೇ' ನಮ್ಮ 'ಬಹುದು', 'ಹ್ಯಾವ್ ಟು' ನಮ್ಮ 'ಬೇಕಾಗು', 'ಗೋ' ನಮ್ಮ 'ಹೋಗು'. ಮತ್ತೆ ಅದೇ ತಿರುವು. ನಾವು ಪ್ರತಿದಿನ ಆಡುವ ಪದದ ಒಳಗೇ ಈ ಶಿಸ್ತು ಅಡಗಿದೆ ಎನ್ನುವುದು ನೋಡಿದಷ್ಟೂ ಸೊಗಸು.

ಇದೇಕೆ ಹೀಗೆ? ಪ್ರತಿಯೊಂದು ಪದಗುಚ್ಛದಲ್ಲೂ ಒಂದು ಮುಖ್ಯಪದ ಇರುತ್ತದೆ, ಉಳಿದವು ಅದಕ್ಕೆ ಹೊಂದಿಕೊಂಡು ಬರುತ್ತವೆ. ಕ್ರಿಯಾಪದಕ್ಕೆ ಹೊಂದಿಕೊಂಡು ಕರ್ಮ ಬರುತ್ತದೆ. 'ಮೇಲೆ' ಎಂಬುದಕ್ಕೆ ಹೊಂದಿಕೊಂಡು 'ಮರದ' ಬರುತ್ತದೆ. ಕನ್ನಡ ಹೊಂದಿಕೊಳ್ಳುವುದನ್ನು ಮೊದಲು ಹೇಳಿ ಮುಖ್ಯಪದವನ್ನು ಕೊನೆಗಿಡುತ್ತದೆ. ಇಂಗ್ಲಿಷ್ ಮುಖ್ಯಪದವನ್ನು ಮೊದಲು ಹೇಳಿ ಉಳಿದದ್ದನ್ನು ಹಿಂದೆ ಜೋಡಿಸುತ್ತದೆ. ಕನ್ನಡದ ವಾಕ್ಯ ಎಡಕ್ಕೆ ಬೆಳೆಯುತ್ತದೆ, ಇಂಗ್ಲಿಷಿನದು ಬಲಕ್ಕೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕ್ರಿಯಾಪದವನ್ನು ಕೊನೆಗಿಟ್ಟ ಭಾಷೆ 'ಮೇಲೆ' ಎಂಬುದನ್ನೂ ನಾಮಪದದ ನಂತರವೇ ಏಕೆ ಇಡಬೇಕು? ಅವೆರಡಕ್ಕೂ ಏನು ಸಂಬಂಧ? ಜಾನ್ ಹಾಕಿನ್ಸ್ ಎಂಬ ಭಾಷಾವಿಜ್ಞಾನಿ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿದ್ದು. 'ಮೇಜಿನ ಮೇಲೆ ಇಟ್ಟ' ಎಂಬಲ್ಲಿ 'ಮೇಲೆ' ಮತ್ತು 'ಇಟ್ಟ' ಪಕ್ಕಪಕ್ಕದಲ್ಲಿವೆ. ಇಂಗ್ಲಿಷಿನ 'ಪುಟ್ ಆನ್ ದ ಟೇಬಲ್' ಎಂಬಲ್ಲೂ 'ಪುಟ್' ಮತ್ತು 'ಆನ್' ಪಕ್ಕಪಕ್ಕದಲ್ಲಿವೆ. ಈಗ ಕನ್ನಡದಲ್ಲಿ 'ಮೇಲೆ' ಎಂಬುದು ಮೊದಲು ಬರುತ್ತಿತ್ತು ಎಂದುಕೊಳ್ಳಿ. 'ಮೇಲೆ ಮೇಜಿನ ಇಟ್ಟ' ಎಂದಾಗುತ್ತಿತ್ತು. 'ಮೇಲೆ' ಎಂದು ಕೇಳಿದ ಮನಸ್ಸು 'ಇಟ್ಟ' ಬರುವವರೆಗೆ ಅದನ್ನು ಹಿಡಿದುಕೊಂಡು ಕಾಯಬೇಕು. ಮೇಜು ಒಂದೇ ಪದವಾದರೆ ಕಾಯಬಹುದು. 'ಅಜ್ಜ ಮದುವೆಯಲ್ಲಿ ಕೊಟ್ಟ ಹಳೆಯ ತೇಗದ ಮೇಜು' ಎಂದಾದರೆ? ದಿಕ್ಕು ಒಂದೇ ಆಗಿದ್ದರೆ ಸಂಬಂಧಪಟ್ಟ ಮುಖ್ಯಪದಗಳು ಒಂದಕ್ಕೊಂದು ತಗುಲಿಕೊಂಡೇ ಇರುತ್ತವೆ, ನೆನಪಿನ ಮೇಲೆ ಹೊರೆ ಬೀಳುವುದಿಲ್ಲ. 'ಅವಳು ಬರುತ್ತಾಳೆ ಎಂದು ಹೇಳಿದ' ಎಂಬುದನ್ನು ಗಮನಿಸಿ, 'ಎಂದು' ಮತ್ತು 'ಹೇಳಿದ' ಅಂಟಿಕೊಂಡಿವೆ. ಇಂಗ್ಲಿಷಿನಲ್ಲಿ 'ಸೆಡ್ ದ್ಯಾಟ್' ಅಂಟಿಕೊಂಡಿವೆ. ದಿಕ್ಕು ಬೇರೆ, ನಿಯಮ ಒಂದೇ. ಎರಡು ಭಾಷೆಗಳು ಬೇರೆ ಬೇರೆ ದಾರಿ ಹಿಡಿದು ಒಂದೇ ತೊಂದರೆಯನ್ನು ತಪ್ಪಿಸಿಕೊಂಡಿವೆ.

ಎಲ್ಲ ಕಡೆಯೂ ತಿರುವು ಸಿಗುತ್ತದೆಂದು ತಿಳಿಯಬೇಡಿ. 'ದೊಡ್ಡ ಮರ' ಮತ್ತು 'ಬಿಗ್ ಟ್ರೀ' ಒಂದೇ ಕಡೆ ಮುಖ ಮಾಡಿವೆ. ಗುಣವಾಚಕ ಈ ಲೆಕ್ಕಕ್ಕೆ ಬಗ್ಗುವುದಿಲ್ಲವೆಂದು ಡ್ರೈಯರ್ ತೋರಿಸಿದ್ದಾರೆ. ಫಾರಸಿ ಭಾಷೆಯಂತೂ ಕ್ರಿಯಾಪದವನ್ನು ಕೊನೆಗಿಟ್ಟರೂ 'ತೆಹ್ರಾನಿನಿಂದ' ಎನ್ನಲು 'ಅಜ್ ತೆಹ್ರಾನ್' ಎಂದು 'ಇಂದ'ವನ್ನು ಮುಂದಿಡುತ್ತದೆ. ಜರ್ಮನ್ ಮುಖ್ಯವಾಕ್ಯದಲ್ಲಿ ಕ್ರಿಯಾಪದವನ್ನು ಎರಡನೆಯ ಜಾಗದಲ್ಲೂ ಉಪವಾಕ್ಯದಲ್ಲಿ ಕೊನೆಯಲ್ಲೂ ಇಡುತ್ತದೆ. ಎರಡನೆಯ ಜಾಗದ ಈ ಪದ್ಧತಿ ನಮ್ಮ ದೇಶದ ಕಾಶ್ಮೀರಿಯಲ್ಲೂ ಇದೆ, ಪಕ್ಕದ ಹಿಂದಿಯಲ್ಲಿಲ್ಲ. ಇಂಥ ಅಪವಾದಗಳನ್ನು ಅಡಗಿಸಿಟ್ಟು ಕಲಿಸಬಾರದು, ಮುಂದಿನ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ.

ಭಾಷೆಗಳ ಈ ಒಳಹೊಂದಿಕೆಯನ್ನು ಲೆಕ್ಕಹಾಕಿ ತೋರಿಸಿದವರು ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್. 1963ರಲ್ಲಿ ಅಚ್ಚಾದ ಅವರ ಪ್ರಬಂಧದಲ್ಲಿ 45 ಸಾರ್ವತ್ರಿಕ ಸೂತ್ರಗಳಿವೆ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ 'ಮೇಲೆ', 'ಒಳಗೆ'ಯಂಥವು ನಾಮಪದದ ನಂತರ ಬರುವುದೇ ಬಹಳ ಹೆಚ್ಚು ಎಂಬುದು ನಾಲ್ಕನೆಯದು. ಇದಕ್ಕೆಲ್ಲ ಅವರು ಆಧಾರವಾಗಿ ತೆಗೆದುಕೊಂಡದ್ದು ಜಗತ್ತಿನ 30 ಭಾಷೆಗಳನ್ನು. ದ್ರಾವಿಡ ಕುಟುಂಬದಿಂದ ಆ ಪಟ್ಟಿಗೆ ಸೇರಿದ್ದು ಒಂದೇ ಭಾಷೆ, ಅದು ಕನ್ನಡ. ಲೋಕದ ಭಾಷಾವಿಜ್ಞಾನದ ಬುನಾದಿಯಲ್ಲಿ ನಮ್ಮ ನುಡಿಯ ಕಲ್ಲೊಂದಿದೆ. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಎಷ್ಟು ಜನ?

ಈ ದಿಕ್ಕಿನ ಅರಿವಿಲ್ಲದೆ ಅನುವಾದಕ್ಕೆ ಕೂತರೆ ಏನಾಗುತ್ತದೆ ಎಂಬುದು ದಿನಪತ್ರಿಕೆಗಳಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿ ನಾಮಪದ ಬಂದ ಮೇಲೆ 'ಹೂ', 'ವಿಚ್' ಎಂದು ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು, ಓದುಗನಿಗೆ ಯಾರ ವಿಷಯ ಎಂದು ಮೊದಲೇ ಗೊತ್ತಿರುತ್ತದೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಅಷ್ಟೂ ವಿವರ ನಾಮಪದದ ಮುಂದೆ ಬಂದು ಕೂರುತ್ತದೆ. 'ಕಳೆದ ವಾರ ದೆಹಲಿಯಲ್ಲಿ ನಡೆದ ಸಭೆಯಲ್ಲಿ ಭಾಗವಹಿಸಿ ಮರಳಿದ ಬಳಿಕ ಜ್ವರದಿಂದ ಬಳಲುತ್ತಿದ್ದ' ಎಂದು ಓದುತ್ತಾ ಹೋದರೂ ಯಾರು ಎಂಬುದು ತಿಳಿಯುವುದಿಲ್ಲ. ಮದ್ದು ಸುಲಭ: ಒಂದನ್ನು ಎರಡು ವಾಕ್ಯ ಮಾಡಿ. ಇಂಗ್ಲಿಷಿನ ಒಂದು ವಾಕ್ಯ ಕನ್ನಡದಲ್ಲೂ ಒಂದೇ ಆಗಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಹಾಗೆಂದು ಕನ್ನಡದ ಈ ರಚನೆ ದುರ್ಬಲವಲ್ಲ. 'ನಾನು ಬರೆದ ಪತ್ರ', 'ನಾನು ಬರೆದ ಪೆನ್ನು', 'ನಾನು ಬರೆದ ಕಾಗದದ ಹಾಳೆ'. ಮೂರರಲ್ಲೂ 'ಬರೆದ' ಒಂದೇ ರೂಪ. ಆದರೆ ಪತ್ರವನ್ನು ಬರೆದದ್ದು, ಪೆನ್ನಿನಿಂದ ಬರೆದದ್ದು, ಹಾಳೆಯ ಮೇಲೆ ಬರೆದದ್ದು. 'ಅನ್ನು', 'ಇಂದ', 'ಮೇಲೆ' ಮೂರನ್ನೂ ನುಂಗಿಯೂ ಅರ್ಥ ಕೆಡದ ಹಾಗೆ ಕನ್ನಡ ನೋಡಿಕೊಳ್ಳುತ್ತದೆ. ಬರಹಕ್ಕೂ ಪೆನ್ನಿಗೂ ಏನು ನಂಟು ಎಂಬುದು ಕೇಳುವವರಿಗೆ ಗೊತ್ತಿದೆಯೆಂದು ಅದು ಭರವಸೆ ಇಡುತ್ತದೆ. ಇಂಗ್ಲಿಷ್ ಇಲ್ಲಿ 'ವಿತ್', 'ಆನ್' ಎಂದು ಹೇಳಿಯೇ ತೀರಬೇಕು. ಈ ಭರವಸೆಗೂ ಮಿತಿ ಇದೆ. 'ನಾನು ಬಂದ ಊರು' ಎಂದರೆ ಹೊರಟ ಊರೋ ಸೇರಿದ ಊರೋ? ಸಂದರ್ಭವೇ ಹೇಳಬೇಕು.

ಪದಗಳು ಬೇರೆ, ವಾಕ್ಯದ ಕಟ್ಟು ಬೇರೆ ಎನ್ನುವುದಕ್ಕೆ ನಮ್ಮ ಗಡಿಯಲ್ಲೇ ಹೆಸರಾಂತ ಸಾಕ್ಷಿಯಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಲೆತಲಾಂತರದಿಂದ ಜೊತೆಗಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಆ ಊರಿನದು. ಸೊಪ್ಪು ಕತ್ತರಿಸಿ ತಂದೆ ಎಂಬಂಥ ಮಾತನ್ನು ಅಲ್ಲಿಯ ಮೂರೂ ಭಾಷೆಗಳಲ್ಲಿ ಆಡಿಸಿ ನೋಡಿದರೆ ಪದಗಳು ಬೇರೆ ಬೇರೆ, ಜೋಡಣೆ ಮಾತ್ರ ಒಂದೇ. ಒಂದರ ಪದವನ್ನು ತೆಗೆದು ಇನ್ನೊಂದರ ಪದವನ್ನು ಅದೇ ಜಾಗದಲ್ಲಿ ಇಟ್ಟರೆ ಸಾಕು. ಆಗ ಮನೆಮಾತನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ, ಒಳಗಿನ ಕಟ್ಟನ್ನು ಹಂಚಿಕೊಂಡಿದ್ದರು. ಕರ್ನಾಟಕದ ಸಾರಸ್ವತರ ಕೊಂಕಣಿಯೂ ವಾಕ್ಯರಚನೆಯಲ್ಲಿ ಕನ್ನಡದ ಮಾದರಿಯತ್ತ ವಾಲಿರುವುದನ್ನು ಮಂಗೇಶ ನಾಡಕರ್ಣಿ 1975ರಲ್ಲಿ ವಿವರವಾಗಿ ತೋರಿಸಿದರು.

ನಮ್ಮ ಶಾಲೆಯ ವ್ಯಾಕರಣ ಸಂಧಿ, ಸಮಾಸ, ವಿಭಕ್ತಿಗಳನ್ನು ಮುಗಿಸುವ ಹೊತ್ತಿಗೆ ದಣಿದುಬಿಡುತ್ತದೆ, ವಾಕ್ಯದ ಬಾಗಿಲಿಗೆ ಬರುವುದೇ ಅಪರೂಪ. ಡಿ. ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕವನ್ನು ಒಮ್ಮೆ ಓದಿ. ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ, ಕನ್ನಡವನ್ನು ಕನ್ನಡವಾಗಿ ನೋಡುವ ಕಣ್ಣು ಅಲ್ಲಿ ಸಿಗುತ್ತದೆ. ಅದಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ತುಳುವೋ ಕೊಡವವೋ ಬ್ಯಾರಿಯೋ ಲಂಬಾಣಿಯೋ ಇದ್ದರೆ 'ಮನೆಯ ಹಿಂದಿನ ಮರದ ಮೇಲಿನ ಗೂಡು' ಎಂಬುದನ್ನು ಮನೆಯ ಹಿರಿಯರ ಬಾಯಲ್ಲಿ ಹೇಳಿಸಿ, ಕೇಳಿದ ಹಾಗೆಯೇ ಬರೆದಿಡಿ. ಯಾವ ಪದ ಎಲ್ಲಿದೆ ಎಂದು ಗುರುತು ಹಾಕಿ. ಕಾಡಿನಂಚಿನ, ಬರಹವಿಲ್ಲದ ನಮ್ಮ ನುಡಿಗಳ ವಾಕ್ಯಗಳನ್ನು ಹೀಗೆ ಕೂಡಿಹಾಕಬೇಕಾದ ಕೆಲಸ ಇನ್ನೂ ರಾಶಿ ಬಿದ್ದಿದೆ, ಅದಕ್ಕೆ ಕೈಗಳು ಬೇಕು.