ಕಬ್ಬಿಣಕ್ಕೆಷ್ಟು, ಕಾಗದಕ್ಕೆಷ್ಟು?

ಹಳೆಯ ವಿಲಾಯಿತಿ ರಿವಾಲ್ವರಿಗೆ ನ್ಯಾಯವಾದ ಬೆಲೆ ಯಾವುದು? ಮುಂಬೈಯ ಮುಲುಂಡಿನಲ್ಲಿ ಕೇಳಿದರೆ ಅರ್ಧ ಉತ್ತರ ಬಂದೂಕಿನ ಅಂಗಡಿಯಲ್ಲಿ ಸಿಗುತ್ತದೆ, ಉಳಿದರ್ಧಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕು.

ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ತಯಾರಾದ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯ .32 ಬೋರಿನ ರಿವಾಲ್ವರ್ ಅಮೆರಿಕದಲ್ಲಿ ಕೆಲವು ನೂರು ಡಾಲರಿಗೆ ಕೈ ಬದಲಾಯಿಸುತ್ತದೆ. ಅದು ಹುಟ್ಟಿದ ಊರಿನಲ್ಲಿ ಜನಸಾಮಾನ್ಯರು ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಮರುವರ್ಷ, 1997ರಲ್ಲಿ, ಬ್ರಿಟನ್ ಕೈಬಂದೂಕುಗಳನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಅದೇ ರಿವಾಲ್ವರ್ ಮುಂಬೈನಲ್ಲಿ ಮಾರಾಟಕ್ಕೆ ಬಂದರೆ ಮಾತು ಲಕ್ಷದಿಂದ ಶುರುವಾಗುತ್ತದೆ. ಉಕ್ಕು ಒಂದೇ, ಕೆಲಸಗಾರಿಕೆ ಒಂದೇ, ವಯಸ್ಸೂ ಒಂದೇ. ಬೇರೆಯಾದದ್ದು ಕಾನೂನು ಮಾತ್ರ. ನಮ್ಮಲ್ಲಿ ಹಳೆಯ ರಿವಾಲ್ವರ್ ಕೊಳ್ಳುವವನು ಕಬ್ಬಿಣಕ್ಕೆ ಕೊಡುವುದಕ್ಕಿಂತ ಹೆಚ್ಚು ಹಣವನ್ನು ಕಾನೂನು ಹುಟ್ಟಿಸಿದ ಅಭಾವಕ್ಕೆ ಕೊಡುತ್ತಾನೆ. ಬೆಲೆ ಸರಿಯೋ ತಪ್ಪೋ ಎಂದು ತೂಗಲು ಹೊರಟವರು ಮೊದಲು ಈ ಎರಡನ್ನೂ ಬಿಡಿಸಿ ನೋಡಬೇಕು.

ಮುಲುಂಡ್ ಪಶ್ಚಿಮದ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ತಂದೆ ಉಡುಪಿ ಕಡೆಯಿಂದ ಬಂದು ಹೋಟೆಲ್ ಕಟ್ಟಿದವರು; ರಾತ್ರಿ ಗಲ್ಲಾಪೆಟ್ಟಿಗೆಯ ಹಣ ಮನೆಗೆ ತರಬೇಕಾದ ಕಾಲದಲ್ಲಿ ಲೈಸೆನ್ಸ್ ಪಡೆದು ಒಂದು ರಿವಾಲ್ವರ್ ಇಟ್ಟುಕೊಂಡಿದ್ದರು. ಈಗ ಅವರಿಲ್ಲ. ಮಗಳಿಗೆ ಅದು ಬೇಡ, ಮಗನಿಗೆ ಅದನ್ನು ಮಾರಿಬಿಡುವ ಆಸೆ. ಪರಿಚಯದವರೊಬ್ಬರು ಬಂದು ಒಂದು ಮೊತ್ತ ಹೇಳಿದ್ದಾರೆ. ಒಪ್ಪುವುದೋ ಬಿಡುವುದೋ?

ಮುಚ್ಚಿದ ಬಾಗಿಲಿನ ದುಬಾರಿ

1980ರ ದಶಕದ ಮಧ್ಯದಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವ ಬಾಗಿಲನ್ನು ಮುಚ್ಚಿತು. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಂಥ ಕೆಲವರಿಗಷ್ಟೇ ವಿನಾಯಿತಿ ಉಳಿಯಿತು. ಅದಕ್ಕೂ ಮುನ್ನ ದೇಶದೊಳಗೆ ಬಂದಿದ್ದ ವೆಬ್ಲಿ, ಕೋಲ್ಟ್, ಸ್ಮಿತ್ ಆ್ಯಂಡ್ ವೆಸನ್‌ಗಳೇ ಅಂದಿನಿಂದ ಕೈಯಿಂದ ಕೈಗೆ ಸುತ್ತುತ್ತಿವೆ. ಸವೆದದ್ದು, ಜಪ್ತಿಯಾದದ್ದು, ಠಾಣೆಯ ಮಾಲ್‌ಖಾನೆ ಸೇರಿದ್ದು ಕಳೆದರೆ ಸಂಖ್ಯೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಬೆಲೆ ಏರಿದ ಗುಟ್ಟು ಇಷ್ಟೇ.

ಇದರ ಎದುರಿಗೆ ಸ್ವದೇಶಿ ಮಾಲು ಇದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳು ವೆಬ್ಲಿಯ ಮಾದರಿಯಲ್ಲೇ .32 ಬೋರಿನ, ಆರು ಗುಂಡಿನ ರಿವಾಲ್ವರ್ ಮಾಡುತ್ತ ಬಂದಿವೆ. 2014ರಲ್ಲಿ ಮಹಿಳೆಯರಿಗೆಂದು ಹೊರತಂದ ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ನ ಬೆಲೆ ಆಗ 1,22,360 ರೂಪಾಯಿ. 2023ರಲ್ಲಿ ‘ಪ್ರಬಲ್’ ಬಂತು. ಖಾಸಗಿ ತಯಾರಿಕೆಗೂ ದಾರಿ ತೆರೆದದ್ದರಿಂದ ವೆಬ್ಲಿ ಆ್ಯಂಡ್ ಸ್ಕಾಟ್ ಹೆಸರಿನ ರಿವಾಲ್ವರನ್ನೇ ಉತ್ತರ ಪ್ರದೇಶದ ಹರದೋಯಿ ಜಿಲ್ಲೆಯಲ್ಲಿ ತಯಾರಿಸತೊಡಗಿದರು. ಬರೀ ಹೆಸರಿಗೆ ಮರುಳಾಗುವವನಿಗೆ ಆ ಹೆಸರು ಈಗ ಹೊಸ ಪೆಟ್ಟಿಗೆಯಲ್ಲೂ ಸಿಗುತ್ತದೆ.

ತೆರಿಗೆ ಇನ್ನೊಂದು ಕಡೆಯಿಂದ ಜಗ್ಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ಒಂದು ಲಕ್ಷದ ಮಾಲಿಗೆ ಹನ್ನೆರಡು ಸಾವಿರ ಹೆಚ್ಚಿಗೆ. ಮನೆಯವರು ಮನೆಯ ವಸ್ತು ಮಾರುವಾಗ ಈ ತೆರಿಗೆ ಬೀಳುವುದಿಲ್ಲ. ಹೊಸದರ ಬೆಲೆ ಏರಿದಷ್ಟೂ ಹಳೆಯದನ್ನು ಮಾರುವವರ ಬಾಯಿ ದೊಡ್ಡದಾಗುತ್ತದೆ. ಆದರೆ ಆಮದಿನ ಬಾಗಿಲು ನಾಳೆ ತೆರೆಯಿತೆಂದರೆ ಇಷ್ಟು ವರ್ಷ ಕಟ್ಟಿದ ಅಭಾವದ ಬೆಲೆ ಒಂದೇ ಅಧಿಸೂಚನೆಗೆ ಕುಸಿಯುತ್ತದೆ. ಹೂಡಿಕೆ ಎಂದುಕೊಂಡು ಹಳೆಯ ರಿವಾಲ್ವರ್ ಕೊಳ್ಳುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಬೋರ್ ತಪ್ಪಿದರೆ ಎಲ್ಲವೂ ತಪ್ಪು

ಬೆಲೆಯ ಮಾತಿಗೆ ಮೊದಲು ನಳಿಗೆಯ ಮೇಲಿನ ಅಂಕಿ ಓದಬೇಕು. ಭಾರತದಲ್ಲಿ ಸೇನೆ, ಪೊಲೀಸರ ಗುಂಡು ಹಿಡಿಸುವ ಬೋರುಗಳು ‘ನಿಷಿದ್ಧ ಬೋರ್’. ರಿವಾಲ್ವರುಗಳಲ್ಲಿ .380 ಮತ್ತು .455 ಗುಂಡು ಹಾರಿಸಬಲ್ಲವು ಈ ಪಟ್ಟಿಯಲ್ಲಿವೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದ, 1915ರಲ್ಲಿ ಸೇನೆ ಸೇರಿದ ವೆಬ್ಲಿ ಮಾರ್ಕ್ 6, .455 ಬೋರಿನದ್ದು. ಸಂಗ್ರಾಹಕರ ಕಣ್ಣಿಗೆ ಅದು ರಾಜ, ಸಾಮಾನ್ಯ ಲೈಸೆನ್ಸ್‌ದಾರನ ಪಾಲಿಗೆ ಕೇಡು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಿಷಿದ್ಧ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ ಏಳು ವರ್ಷ, ಗರಿಷ್ಠ ಹದಿನಾಲ್ಕು ವರ್ಷ ಜೈಲು.

ಗೊಂದಲ ಹುಟ್ಟುವುದು ವೆಬ್ಲಿ ಮಾರ್ಕ್ 4ರಲ್ಲಿ. ಇದೇ ಹೆಸರಿನಲ್ಲಿ .38ರದ್ದೂ ಬಂದಿದೆ, .32ರದ್ದೂ ಬಂದಿದೆ. ನೋಟಕ್ಕೆ ಅಣ್ಣತಮ್ಮಂದಿರು. .38ರದ್ದು ಆ .380 ಗುಂಡನ್ನೇ ಹಾರಿಸುವುದರಿಂದ ನಿಷಿದ್ಧ; .32ರದ್ದನ್ನು ಸಾಮಾನ್ಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳಬಹುದು, ಗುಂಡೂ ದೇಶದಲ್ಲೇ ತಯಾರಾಗುತ್ತದೆ. ‘ಹಳೇ ವೆಬ್ಲಿ, ಕಡಿಮೆಗೆ ಬಿಡ್ತೀನಿ’ ಎಂದು ಯಾರಾದರೂ .38 ತೋರಿಸಿದರೆ ಅಲ್ಲಿಗೆ ಮಾತು ಮುಗಿಸಿ ಏಳುವುದು ಲೇಸು.

ಕೈಯಲ್ಲಿ ಹಿಡಿದು ನೋಡುವಾಗ

ತಪಾಸಣೆ ನಡೆಯಬೇಕಾದದ್ದು ಲೈಸೆನ್ಸ್ ಇರುವ ವ್ಯಾಪಾರಿಯ ಅಂಗಡಿಯಲ್ಲಿ, ಗುಂಡು ತೆಗೆದು ಖಾಲಿ ಎಂದು ಇಬ್ಬರೂ ನೋಡಿಕೊಂಡ ಮೇಲೆ. ವೆಬ್ಲಿ ನಡುವೆ ಮುರಿದು ತೆರೆಯುವ ಜಾತಿಯದು. ಹಿಂಬದಿಯ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಮುಚ್ಚಿದ ಮೇಲೆ ನಳಿಗೆಯನ್ನೂ ಹಿಡಿಯನ್ನೂ ಎರಡು ಕೈಯಲ್ಲಿ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಕೀಲು ಸವೆದಿದೆ ಎಂದರ್ಥ. ಇದು ದುಬಾರಿ ದುರಸ್ತಿ. ಹ್ಯಾಮರ್ ಎಳೆದು ನಿಲ್ಲಿಸಿದಾಗ ಸಿಲಿಂಡರ್ ಆರೂ ಕೋಣೆಗಳಲ್ಲಿ ಗಟ್ಟಿಯಾಗಿ ಕೂರಬೇಕು. ಒಂದು ಕೋಣೆಯಲ್ಲಿ ಸಡಿಲವಾದರೂ ಗುಂಡು ನಳಿಗೆಗೆ ಓರೆಯಾಗಿ ನುಗ್ಗಿ ಸೀಸ ಸಿಡಿಯುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮೀರಬಾರದು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ಒಳಗೆ ಸಿಡುಬಿನ ಕಲೆಗಳಂತೆ ಗುಳಿ ಬಿದ್ದಿದ್ದರೆ ಹೊರಗೆ ಎಷ್ಟು ಮಿಂಚಿದರೂ ಅಷ್ಟೇ.

ಮುಂಬೈನ ಮಳೆಗಾಲ ಇಲ್ಲಿ ತನ್ನದೇ ಸಹಿ ಹಾಕಿರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದ ತೊಗಲಿನ ಚೀಲದಲ್ಲೇ ಬಿಟ್ಟ ರಿವಾಲ್ವರಿನ ಮೈಗೆ, ತೊಗಲು ತಾಗಿದ ಕಡೆಯೆಲ್ಲ ಒತ್ತಾಗಿ ತುಕ್ಕು ಕೂರುತ್ತದೆ. ಅದನ್ನು ಮರೆಮಾಚಲು ಉಜ್ಜಿ ನಿಕಲ್ ಲೇಪ ಕೊಡಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಹೊಳಪಿಗೆ ಮರುಳಾಗಬೇಡಿ. ಅಂಚುಗಳು ಚೂಪು ಕಳೆದುಕೊಂಡು ದುಂಡಗಾಗಿದ್ದರೆ, ವೆಬ್ಲಿಯ ಗುರುತಾದ ರೆಕ್ಕೆಯ ಗುಂಡು ಮಸುಕಾಗಿದ್ದರೆ, ತಿರುಪುಮೊಳೆಗಳ ತಲೆ ಕಿತ್ತುಹೋಗಿದ್ದರೆ ಯಾರೋ ಕೈಯಾಡಿಸಿದ್ದಾರೆ. ಮಾಸಿದ್ದರೂ ಮೂಲ ನೀಲಿ ಬಣ್ಣ ಉಳಿದ ರಿವಾಲ್ವರಿಗೆ, ಮಿರುಗುವ ಹೊಸ ಲೇಪದ್ದಕ್ಕಿಂತ ಹೆಚ್ಚು ಮರ್ಯಾದೆ.

ಇನ್ನು ಅಂಕಿಗಳು. 1813ರಿಂದ ನಡೆದು ಬಂದ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಪರೀಕ್ಷೆ ಮಾಡಿದ ಬಂದೂಕಿಗೆ ಮುದ್ರೆ ಒತ್ತುತ್ತದೆ. 1904ರ ನಂತರದವುಗಳ ಮೇಲೆ ಕಿರೀಟದಡಿ ಬಿಪಿ, ಬಿವಿ, ಎನ್‌ಪಿ ಎಂಬ ಅಕ್ಷರಗಳಿರುತ್ತವೆ. ಬಿಡಿಭಾಗಗಳ ಮೇಲೆ ಕೊರೆದ ಅಂಕಿಗಳು ಒಂದಕ್ಕೊಂದು ಹೊಂದಬೇಕು. ಚೌಕಟ್ಟಿನ ಕ್ರಮಸಂಖ್ಯೆ ಲೈಸೆನ್ಸ್ ಪುಸ್ತಕದ ಸಂಖ್ಯೆಗೆ ಅಕ್ಷರಶಃ ತಾಳೆಯಾಗಲೇಬೇಕು. ಸಂಖ್ಯೆ ಅಳಿಸಿದ ಅಥವಾ ತಿದ್ದಿದ ಬಂದೂಕನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮಾರುವಂತೆಯೇ ಇಲ್ಲ. ಸಂಖ್ಯೆ ಇಲ್ಲದ ರಿವಾಲ್ವರಿನ ನ್ಯಾಯವಾದ ಬೆಲೆ ಸೊನ್ನೆ.

ಕತೆಗೆ ಕೊಡುವ ಕಾಸು

‘ಇದು ಅಜ್ಜನಿಗೆ ದೊರೆ ಕೊಟ್ಟದ್ದು’ ಎಂಬ ಮಾತು ಬರದ ಹಳೆಯ ಬಂದೂಕು ವಿರಳ. ಕತೆಗೆ ಬೆಲೆ ಇಲ್ಲವೆಂದಲ್ಲ. 1873ರ ಜುಲೈನಲ್ಲಿ ಫ್ರೆಂಚ್ ಕವಿ ಪಾಲ್ ವೆರ್ಲೇನ್ ಬ್ರಸೆಲ್ಸ್‌ನಲ್ಲಿ 23 ಫ್ರಾಂಕಿಗೆ ಕೊಂಡು, ಗೆಳೆಯ ರ‍್ಯಾಂಬೋ ಮೇಲೆ ಹಾರಿಸಿದ ರಿವಾಲ್ವರ್ 2016ರಲ್ಲಿ ಪ್ಯಾರಿಸ್‌ನಲ್ಲಿ 4,34,500 ಯೂರೋಗೆ ಹರಾಜಾಯಿತು. ವ್ಯಾನ್ ಗೋ ತನಗೆ ತಾನೇ ಗುಂಡು ಹಾರಿಸಿಕೊಂಡದ್ದು ಇದರಿಂದಲೇ ಇರಬೇಕೆಂದು ನಂಬಲಾದ, ಹೊಲದಲ್ಲಿ ಸಿಕ್ಕ ತುಕ್ಕುಹಿಡಿದ ರಿವಾಲ್ವರ್ 2019ರಲ್ಲಿ 1,62,500 ಯೂರೋ ತಂದಿತು. ಮೊದಲನೆಯದಕ್ಕೆ ಗಟ್ಟಿ ಪುರಾವೆಯಿತ್ತು, ಎರಡನೆಯದಕ್ಕೆ ಊಹೆಯ ಬೆಂಬಲ. ಹಣದ ಅಂತರವೂ ಹಾಗೆಯೇ ಇದೆ.

ನಮ್ಮಲ್ಲಿ ಪುರಾವೆ ಎಂದರೇನು ಎಂಬುದಕ್ಕೆ ಭಗತ್ ಸಿಂಗರ ಪಿಸ್ತೂಲು ಒಳ್ಳೆಯ ಪಾಠ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಹತ್ಯೆಗೆ ಬಳಕೆಯಾದ .32 ಬೋರಿನ ಕೋಲ್ಟ್ ದಶಕಗಳ ಕಾಲ ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. ಮೇಲೆ ಬಳಿದಿದ್ದ ಬಣ್ಣ ತೆಗೆದಾಗ ಕಂಡ ಕ್ರಮಸಂಖ್ಯೆ ಲಾಹೋರ್ ಮೊಕದ್ದಮೆಯ ದಾಖಲೆಯ ಸಂಖ್ಯೆಗೆ ಹೊಂದಿತು. ಅಂದಿನಿಂದ ಅದು ಭಗತ್ ಸಿಂಗರ ಪಿಸ್ತೂಲು. ಆ ಸಂಖ್ಯೆ ಇಲ್ಲದಿದ್ದರೆ ಸಾಲಿನಲ್ಲಿ ಇನ್ನೊಂದು ಕೋಲ್ಟ್ ಅಷ್ಟೇ. ಮನೆಯ ಕತೆಗೆ ಹಳೆಯ ಲೈಸೆನ್ಸ್, ಅಂಗಡಿಯ ರಸೀದಿ, ಪತ್ರ, ಏನಾದರೊಂದು ಆಧಾರವಿದ್ದರೆ ಕಾಸು ಸೇರಿಸಿ. ಬರೀ ಮಾತಾದರೆ ಕೇಳಿ ಸಂತೋಷಪಡಿ.

ನಾಕಾದ ಈಚೆ, ಆಚೆ

ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಬೃಹನ್ಮುಂಬೈಯ ಕೊನೆಯ ನಿಲ್ದಾಣ ಮುಲುಂಡ್. ಚೆಕ್‌ನಾಕಾ ದಾಟಿದರೆ ಥಾಣೆ. ರಿಕ್ಷಾದಲ್ಲಿ ಕೆಲವೇ ನಿಮಿಷಗಳ ದಾರಿ. ಆದರೆ ಈಚೆಯ ಲೈಸೆನ್ಸ್ ಮುಂಬೈ ಪೊಲೀಸ್ ಕಮಿಷನರದ್ದು, ಆಚೆಯದು ಥಾಣೆಯ ಕಮಿಷನರದ್ದು. ಮಾರುವವರು ಮುಲುಂಡಿನವರು, ಕೊಳ್ಳುವವರು ಥಾಣೆಯವರಾದರೆ ಎರಡು ಕಚೇರಿಗಳ ಕಾಗದ ಓಡಾಡಬೇಕು. ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿಯಾಚೆಗೆ ಆಯುಧ ಒಯ್ಯುವಂತಿಲ್ಲ. ‘ಹೇಗೂ ಬೇಸಿಗೆಗೆ ಊರಿಗೆ ಹೋಗ್ತೀವಿ, ಉಡುಪಿ ಮನೆಯಲ್ಲಿಟ್ಟು ಬರೋಣ’ ಎನ್ನುವುದು ಅಪರಾಧಕ್ಕೆ ಟಿಕೆಟ್ ಕಾದಿರಿಸಿದ ಹಾಗೆ.

ವ್ಯಕ್ತಿಯಿಂದ ವ್ಯಕ್ತಿಗೆ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ, ಕನಿಷ್ಠ 45 ದಿನ ಕಾದ ಮೇಲೆಯೇ ಕೈ ಬದಲಿಸಬೇಕು. ಕೊಳ್ಳುವವನಿಗೆ ಆ ಬಗೆಯ ಆಯುಧಕ್ಕೆ ಲೈಸೆನ್ಸ್ ಇರಬೇಕು, ಅದರಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ನಮೂದಾಗಿರಬೇಕು. 2019ರಿಂದ ಒಬ್ಬರಿಗೆ ಮೂರಲ್ಲ, ಎರಡೇ ಬಂದೂಕು. ತಿದ್ದುಪಡಿ ಮಸೂದೆ ಮೊದಲು ಹೇಳಿದ್ದು ಒಂದು. ವಿರೋಧ ಬಂದ ಮೇಲೆ ಎರಡಾಯಿತು. ವಿದೇಶದಿಂದ ನೆಲೆ ಬದಲಿಸಿದವರು ಸಾಮಾನಿನೊಡನೆ ತಂದ ಬಂದೂಕಾದರೆ ಮಾರಬಾರದೆಂಬ ಷರತ್ತು ಕಸ್ಟಮ್ಸ್ ಕಾಗದದಲ್ಲಿ ಇರಬಹುದು. ಅದನ್ನೂ ತೆಗೆಸಿ ಓದಬೇಕು.

ತಂದೆ ತೀರಿಕೊಂಡ ಮನೆಗೆ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಲೈಸೆನ್ಸ್‌ದಾರ ಹೋದ ಮೇಲೆ ಆಯುಧವನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಜಮಾ ಮಾಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ತಂದೆಗೆ 70 ತುಂಬಿದಾಗಲೋ, ಆಯುಧ ಅವರ ಬಳಿ 25 ವರ್ಷ ಇದ್ದಾಗಲೋ, ಅವರಿರುವಾಗಲೇ ಈ ಕೆಲಸ ಮಾಡಿಕೊಳ್ಳಲೂ ಅವಕಾಶವಿದೆ. ಜಮಾ ಇಟ್ಟದ್ದನ್ನು ನಿಗದಿತ ಅವಧಿಯೊಳಗೆ ಅರ್ಹರಿಗೆ ಮಾರಿ ಹಣ ಪಡೆಯಬಹುದು, ಅವಧಿ ಮೀರಿದರೆ ಸರ್ಕಾರದ ಪಾಲು. ಅವಸರದಲ್ಲಿರುವವರನ್ನು ಕಂಡರೆ ಗಿರಾಕಿ ಬೆಲೆ ಕಡಿಯುವುದು ಸಹಜ. ವಾರಸುದಾರರು ನಷ್ಟ ಮಾಡಿಕೊಳ್ಳುವುದು ಬಹುಪಾಲು ಇಲ್ಲಿಯೇ.

ಕೊಡಗಿನವರಿಗೆ ಈ ಪಾಡಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೆ ಕೂರುವ ಕೋವಿಯ ಬೆಲೆ ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಲೆಕ್ಕ ಹಾಕುವುದು ಹೀಗೆ

ಬಳಕೆಗೆಂದು ಕೊಳ್ಳುವವರು ಇಂದು ಅದೇ ಬೋರಿನ ಹೊಸ ಸ್ವದೇಶಿ ರಿವಾಲ್ವರಿನ ಬೆಲೆಯನ್ನು ತೆರಿಗೆ ಸಮೇತ ಮೊದಲು ಬರೆದುಕೊಳ್ಳಲಿ. ಹಳೆಯದರ ಕೀಲು, ಸಿಲಿಂಡರ್, ನಳಿಗೆಗಳಲ್ಲಿ ಕಂಡ ದೋಷಕ್ಕೆ ಅದರಿಂದ ಕಳೆಯಲಿ. ಬಂದ ಮೊತ್ತ ಯಂತ್ರದ ಬೆಲೆ. ಅದರ ಮೇಲೆ ಕೇಳುವ ಪ್ರತಿ ರೂಪಾಯಿಯೂ ಹೆಸರಿಗೆ ಮತ್ತು ಅಭಾವಕ್ಕೆ. ಮೂಲ ಲೇಪ, ಹೊಂದುವ ಅಂಕಿ, ಸ್ಪಷ್ಟ ಮುದ್ರೆ ಮೂರೂ ಇದ್ದರೆ ಆ ಹೆಚ್ಚಳಕ್ಕೆ ಅರ್ಥವಿದೆ, ಒಂದು ತಪ್ಪಿದರೂ ಚೌಕಾಸಿಗೆ ಜಾಗವಿದೆ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಹಾಗಾದರೆ ಹೊರದೇಶಕ್ಕೆ ಮಾರುವ ಆಸೆ ಬಿಡಬೇಕು, ಅಮೆರಿಕದ ಹರಾಜಿನ ದರಪಟ್ಟಿ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಮಾರುವವರಿಗೆ ಸಲಹೆ ಇನ್ನೂ ಸರಳ. ಮೊದಲು ಜಮಾ ಮಾಡಿ ರಸೀದಿ ಪಡೆಯಿರಿ, ಆಮೇಲೆ ಒಂದಕ್ಕಿಂತ ಹೆಚ್ಚು ವ್ಯಾಪಾರಿಗಳಿಂದ ಬೆಲೆ ಕೇಳಿ. ಕಾನೂನಿನ ಭಯ ಕಳೆದವರು ನೆಮ್ಮದಿಯಿಂದ ಕಾಯಬಲ್ಲರು, ಕಾಯಬಲ್ಲವರಿಗೆ ಬೆಲೆ ಸಿಗುತ್ತದೆ. ಕೊಳ್ಳುವವರು ‘ಎಷ್ಟಕ್ಕೆ ಬಿಡ್ತೀರಿ’ ಎನ್ನುವ ಮೊದಲು ‘ಲೈಸೆನ್ಸ್ ಪುಸ್ತಕ ತೋರಿಸಿ’ ಎನ್ನಲಿ. ತೋರಿಸಲು ಹಿಂಜರಿದರೆ ಎಷ್ಟು ಅಗ್ಗವಾದರೂ ಅದು ದುಬಾರಿಯೇ.