ವರ್ಷದ ಮಸಾಲೆ ಖಾರ ಕೆಡದಿರಲಿ



ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡ, ಕುಂದಗೋಳ ಭಾಗದ ಮನೆಗಳಲ್ಲಿ ವರ್ಷದ ಮಸಾಲೆ ಖಾರ ಮಾಡುವುದು ರೂಢಿ. ಇದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯೇ ಉತ್ತಮ. ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಆದರೆ ಒಳ್ಳೆಯ ಕಾಯಿಯನ್ನು ಪೇಟೆಗೆ ಕಳಿಸಿ, ಮಚ್ಚೆ ಬಿದ್ದ ಕಾಯಿಯನ್ನು ಮನೆಗೆ ಉಳಿಸಿಕೊಳ್ಳಬೇಡಿರಿ. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿಕರ. ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಡಿಯಾದ ಮೇಲೆ ಕಣ್ಣಿಗೂ ಕಾಣುವುದಿಲ್ಲ.

ಕಾಯಿಯನ್ನು ಬರಿ ನೆಲದ ಮೇಲೆ ಹರವದೆ ತಾಡಪತ್ರಿಯ ಮೇಲೆ ಒಣಗಿಸಿರಿ. ರಾತ್ರಿ ಇಬ್ಬನಿ ತಾಗದಂತೆ ಮುಚ್ಚಿರಿ. ಅಲುಗಾಡಿಸಿದಾಗ ಒಳಗಿನ ಬೀಜ ಸಪ್ಪಳ ಮಾಡಬೇಕು. ತೇವಾಂಶ ಶೇ. 10ರ ಸುಮಾರಿಗೆ ಇಳಿದರೆ ಒಳಿತು. ತೂಕಕ್ಕಾಗಿ ನೀರು ಚಿಮುಕಿಸಿದ ಕಾಯಿ ಬೇಡವೇ ಬೇಡ.

ತೊಟ್ಟು ತೆಗೆದ 1 ಕಿಲೋ ಮೆಣಸಿನಕಾಯಿಗೆ ಹವೀಜ 250 ಗ್ರಾಂ, ಜೀರಿಗೆ 100 ಗ್ರಾಂ, ಮೆಂತ್ಯ 25 ಗ್ರಾಂ, ಅರಿಸಿನ 25 ಗ್ರಾಂ, ಲವಂಗ ಮತ್ತು ದಾಲ್ಚಿನ್ನಿ ತಲಾ 10 ಗ್ರಾಂ ಸಾಕು. ಅರಿಸಿನ, ಮೆಣಸಿನಕಾಯಿ ಬಿಟ್ಟು ಉಳಿದವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿದು, ಆರಿದ ಮೇಲೆ ಎಲ್ಲವನ್ನೂ ಕೂಡಿಸಿ ಗಿರಣಿಗೆ ಒಯ್ಯಿರಿ.

ಒಣ ಕೊಬ್ಬರಿ, ಬಳ್ಳೊಳ್ಳಿಗಳನ್ನು ಇಡೀ ವರ್ಷದ ಪುಡಿಗೆ ಬೆರೆಸಬೇಡಿರಿ. ಕೊಬ್ಬರಿಯ ಎಣ್ಣೆ ಕಮಟು ಹಿಡಿಯುತ್ತದೆ. ಹಸಿ ಬಳ್ಳೊಳ್ಳಿ ತೇವ ತರುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟು ಪುಡಿಗೆ ಮಾತ್ರ ಕೂಡಿಸಿರಿ.

ಬಿಸಿ ಪುಡಿ ಪೂರ್ತಿ ಆರಿದ ನಂತರ ಒಣಗಿದ ಡಬ್ಬಿಯಲ್ಲಿ ತುಂಬಿ, ಬೆಳಕು ಬೀಳದ ಕಡೆ ಇಡಿರಿ, ಬಣ್ಣ ಮಾಸದು. ಒದ್ದೆ ಚಮಚ ಹಾಕದಿರಿ. ಮಾರುವ ಕಾಯಿಯಷ್ಟೇ ಉಣ್ಣುವ ಕಾಯಿಯನ್ನೂ ಆರಿಸಿರಿ.