ಮೊದಲ ಸ್ಮಾರ್ಟ್‌ಫೋನಿಗೆ ಡೇಟಾ ಪ್ಲಾನ್ ಆಯ್ಕೆ: ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ರೈತರಿಗೆ ಮಾರ್ಗದರ್ಶಿ



ಬೀಜ, ಗೊಬ್ಬರ, ಔಷಧಗಳಂತೆ ಮೊಬೈಲ್ ಸಂಖ್ಯೆಯೂ ಇಂದು ಕೃಷಿಯ ಒಂದು ಪರಿಕರವಾಗಿದೆ. ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ 6,000 ರೂಪಾಯಿಗೆ ಇ-ಕೆವೈಸಿ ಮಾಡಿಸಬೇಕು. ಫ್ರೂಟ್ಸ್ ಗುರುತಿನ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಇವೆಲ್ಲವೂ ಮೊಬೈಲ್ ಸಂಖ್ಯೆಯೊಂದಿಗೆ ಜೋಡಣೆಯಾಗಿವೆ. ಆದುದರಿಂದ ಮೊದಲ ಬಾರಿಗೆ ಸ್ಮಾರ್ಟ್‌ಫೋನ್ ಕೊಳ್ಳುವ ರೈತರು ಫೋನಿನ ಬೆಲೆಯಷ್ಟೇ ಗಮನವನ್ನು ರೀಚಾರ್ಜ್ ಪ್ಲಾನಿನ ಆಯ್ಕೆಗೂ ನೀಡುವುದು ಅವಶ್ಯಕ. ಫೋನಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ರೀಚಾರ್ಜ್ ಖರ್ಚು ಪ್ರತಿ ವರ್ಷವೂ ಬರುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಯಾವ ಪ್ಲಾನ್ ಚೆನ್ನಾಗಿದೆ?" ಎಂಬುದು. ಮಣ್ಣು ಪರೀಕ್ಷೆ ಮಾಡಿಸದೆ "ಯಾವ ಗೊಬ್ಬರ ಚೆನ್ನಾಗಿದೆ?" ಎಂದು ಕೇಳಿದರೆ ಹೇಗೆ ಸರಿಯಾದ ಉತ್ತರ ಸಿಗದೋ ಇದೂ ಹಾಗೆಯೇ. ಮೊದಲು ನೆಟ್‌ವರ್ಕ್, ನಂತರ ಅಗತ್ಯ, ಆಮೇಲೆ ಅವಧಿ, ಕೊನೆಗೆ ಬೆಲೆ: ಈ ಕ್ರಮದಲ್ಲಿ ನಿರ್ಧರಿಸುವುದು ಸೂಕ್ತ.

1. ಮೊದಲು ನೆಟ್‌ವರ್ಕ್ ಪರೀಕ್ಷಿಸಿ

ಬೀದರ್ ನಗರದಲ್ಲಿ ಚೆನ್ನಾಗಿ ನಡೆಯುವ ಸಿಮ್ ಔರಾದ್ ತಾಲ್ಲೂಕಿನ ಗಡಿ ಗ್ರಾಮದಲ್ಲಿ ಅಥವಾ ಮಾಂಜ್ರಾ ನದಿ ದಂಡೆಯ ತಗ್ಗಿನ ಹೊಲದಲ್ಲಿ ಹಾಗೆಯೇ ನಡೆಯುತ್ತದೆ ಎಂದು ಭಾವಿಸಬಾರದು. ಸಿಗ್ನಲ್ ಟವರಿನ ದೂರ, ನೆಲದ ಏರುತಗ್ಗು ಮತ್ತು ಮನೆಯ ಗೋಡೆಯ ದಪ್ಪವನ್ನು ಅವಲಂಬಿಸಿದೆ. ಕಲ್ಲಿನ ಗೋಡೆಯ ಹಳೆಯ ಮನೆಗಳ ಒಳಗೆ ಸಿಗ್ನಲ್ ಕುಗ್ಗುವುದು ಸಹಜ.

ಬೇರೆ ಬೇರೆ ಕಂಪನಿಗಳ ಸಿಮ್ ಇರುವ ಅಕ್ಕಪಕ್ಕದವರ ಫೋನುಗಳನ್ನು ಮೂರು ಸ್ಥಳಗಳಲ್ಲಿ ಪರೀಕ್ಷಿಸಿರಿ: ಮನೆಯ ಒಳಗೆ, ಹೊಲದಲ್ಲಿ, ಮತ್ತು ಕೊಳವೆಬಾವಿ ಅಥವಾ ದನದ ಕೊಟ್ಟಿಗೆಯ ಬಳಿ. ಹಗಲಿನಲ್ಲಿ ಒಮ್ಮೆ, ಬಳಕೆದಾರರು ಹೆಚ್ಚಿರುವ ರಾತ್ರಿ 7ರಿಂದ 9 ಗಂಟೆಯ ಸಮಯದಲ್ಲಿ ಒಮ್ಮೆ ನೋಡಬೇಕು. ಕಡ್ಡಿಗಳ ಸಂಖ್ಯೆಯನ್ನು ಮಾತ್ರ ನಂಬದೆ, ಒಂದು ಸಣ್ಣ ವಿಡಿಯೊ ನಿಲ್ಲದೆ ಓಡುತ್ತದೆಯೇ ಎಂದು ಪರೀಕ್ಷಿಸುವುದು ಉತ್ತಮ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒದಗಿಸಿರುವ ಮೈಸ್ಪೀಡ್ ಆ್ಯಪ್‌ನಿಂದ ವೇಗವನ್ನು ಅಳೆಯಬಹುದು.

ಗಡಿ ಗ್ರಾಮಗಳವರು ಗಮನಿಸಬೇಕಾದ ಅಂಶಗಳು:

• ಔರಾದ್ ಮತ್ತು ಭಾಲ್ಕಿ ಭಾಗದ ಗಡಿ ಹಳ್ಳಿಗಳಲ್ಲಿ ಫೋನು ಮಹಾರಾಷ್ಟ್ರ ಅಥವಾ ತೆಲಂಗಾಣದ ಟವರನ್ನು ಹಿಡಿಯಬಹುದು. ಆದ್ದರಿಂದ ಪ್ಲಾನಿನಲ್ಲಿ ರಾಷ್ಟ್ರೀಯ ರೋಮಿಂಗ್ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆನ್ ಇರಲಿ. ಇದು ಆಫ್ ಇದ್ದರೆ ಸಿಗ್ನಲ್ ಕಂಡರೂ ಇಂಟರ್ನೆಟ್ ಬರುವುದಿಲ್ಲ.
• ಉದಗೀರ, ದೇಗಲೂರು ಅಥವಾ ಜಹೀರಾಬಾದಿನ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸುವಾಗ ಸಿಮ್ ಕರ್ನಾಟಕ ವಲಯದ್ದು ಎಂದು ತಿಳಿಸಿರಿ. ಕೆಲವು ಪ್ಲಾನುಗಳು ವಲಯದಿಂದ ವಲಯಕ್ಕೆ ಬೇರೆಯಾಗಿರುತ್ತವೆ.

2. ಸಿಮ್ ಮತ್ತು ಫೋನ್ ಹೊಂದಾಣಿಕೆ

ಕೀಪ್ಯಾಡ್ ಫೋನಿನಲ್ಲಿದ್ದ ಹಳೆಯ 2ಜಿ ಸಿಮ್ಮನ್ನು ಹೊಸ ಫೋನಿಗೆ ಹಾಕಿದರೆ 4ಜಿ ವೇಗ ದೊರೆಯುವುದಿಲ್ಲ. ಅದೇ ಸಂಖ್ಯೆಯನ್ನು ಉಳಿಸಿಕೊಂಡು 4ಜಿ ಸಿಮ್ ಪಡೆಯಬಹುದು. ಸಿಮ್ ಬದಲಿಸಿದ ನಂತರ 24 ಗಂಟೆಗಳ ಕಾಲ ಎಸ್‌ಎಂಎಸ್ ಸೌಲಭ್ಯ ತಡೆಹಿಡಿಯಲ್ಪಡುತ್ತದೆ. ಇದು ವಂಚನೆ ತಡೆಗೆ ಮಾಡಿರುವ ವ್ಯವಸ್ಥೆ. ಆದ್ದರಿಂದ ಬ್ಯಾಂಕ್ ಅಥವಾ ನೋಂದಣಿ ಕೆಲಸಕ್ಕೆ ಒಟಿಪಿ ಬೇಕಿರುವ ದಿನ ಸಿಮ್ ಬದಲಾಯಿಸಬಾರದು.

ಜಿಯೊ ಸಂಸ್ಥೆಗೆ 2ಜಿ ಸೇವೆಯಿಲ್ಲ. ಅದರ ಸಿಮ್ ಸಾಮಾನ್ಯ 2ಜಿ ಕೀಪ್ಯಾಡ್ ಫೋನಿನಲ್ಲಿ ಕೆಲಸ ಮಾಡುವುದಿಲ್ಲ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ ತಂತ್ರಜ್ಞಾನದ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಿದೆ. ಹಿಂದೆ ನಿಧಾನವೆಂದು ಬಿಟ್ಟವರೂ ತಮ್ಮ ಊರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ ನೋಡಬಹುದು.

ಕಂಪನಿ ಬದಲಿಸಬೇಕಾದಲ್ಲಿ ಸಂಖ್ಯೆ ಬದಲಿಸುವ ಅಗತ್ಯವಿಲ್ಲ. ಪೋರ್ಟ್ ಕೋರಿಕೆಯನ್ನು 1900ಕ್ಕೆ ಎಸ್‌ಎಂಎಸ್ ಮಾಡಿ ಕೋಡ್ ಪಡೆದು, ಹೊಸ ಕಂಪನಿಯ ಕೇಂದ್ರದಲ್ಲಿ ನೀಡಿದರೆ ಸಾಕು. ಆದರೆ ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಪೂರೈಸಿರಬೇಕು. ಸಿಮ್ ಬದಲಿಸಿದ 7 ದಿನಗಳ ಒಳಗೆ ಪೋರ್ಟ್ ಸಾಧ್ಯವಿಲ್ಲ.

3. ನಿಮಗೆ ಎಷ್ಟು ಡೇಟಾ ಬೇಕು?

ಡೇಟಾವನ್ನು ಎಂಬಿ ಮತ್ತು ಜಿಬಿಗಳಲ್ಲಿ ಅಳೆಯುತ್ತಾರೆ. 1 ಜಿಬಿ ಎಂದರೆ ಸುಮಾರು 1,000 ಎಂಬಿ. ಸಾಮಾನ್ಯ ಬಳಕೆಯ ಅಂದಾಜು ಹೀಗಿದೆ:

• ವಾಟ್ಸಾಪ್‌ನಲ್ಲಿ ರೋಗಪೀಡಿತ ಎಲೆಯ ಒಂದು ಫೋಟೊ: 1 ಎಂಬಿಗಿಂತ ಕಡಿಮೆ
• ವಾಟ್ಸಾಪ್ ವಿಡಿಯೊ ಕರೆ, 10 ನಿಮಿಷ: ಸುಮಾರು 50 ಎಂಬಿ
• ಯೂಟ್ಯೂಬ್ ವಿಡಿಯೊ, ಕಡಿಮೆ ಗುಣಮಟ್ಟದಲ್ಲಿ (360) ಅರ್ಧ ಗಂಟೆ: ಸುಮಾರು 150 ಎಂಬಿ
• ಅದೇ ವಿಡಿಯೊ, ಹೆಚ್ಚಿನ ಗುಣಮಟ್ಟದಲ್ಲಿ (720) ಅರ್ಧ ಗಂಟೆ: ಸುಮಾರು 400ರಿಂದ 500 ಎಂಬಿ

ಒಬ್ಬ ರೈತರು ದಿನಕ್ಕೆ ವಾಟ್ಸಾಪ್‌ಗೆ 30 ಎಂಬಿ, ಹವಾಮಾನ ಮತ್ತು ಮಾರುಕಟ್ಟೆ ಧಾರಣೆಗೆ 10 ಎಂಬಿ, ಅರ್ಧ ಗಂಟೆ ವಿಡಿಯೊಗೆ 150 ಎಂಬಿ, ಒಂದು ವಿಡಿಯೊ ಕರೆಗೆ 50 ಎಂಬಿ ಬಳಸಿದರೆ ಒಟ್ಟು 240 ಎಂಬಿ ಆಗುತ್ತದೆ. 28 ದಿನಗಳಿಗೆ ಇದು 7 ಜಿಬಿಗಿಂತ ಕಡಿಮೆ. ದಿನಕ್ಕೆ 1.5 ಜಿಬಿ ನೀಡುವ ಪ್ಲಾನಿನಲ್ಲಿ 28 ದಿನಕ್ಕೆ 42 ಜಿಬಿ ದೊರೆಯುತ್ತದೆ. ಅಂದರೆ ಕೊಂಡ ಡೇಟಾದ ಆರನೇ ಒಂದು ಭಾಗ ಮಾತ್ರ ಉಪಯೋಗವಾಗುತ್ತದೆ. ಆದರೆ ಅದೇ ಫೋನಿನಲ್ಲಿ ಮಕ್ಕಳು ದಿನಕ್ಕೆ ಎರಡು ಗಂಟೆ ಹೆಚ್ಚಿನ ಗುಣಮಟ್ಟದ ವಿಡಿಯೊ ನೋಡಿದರೆ 1.5 ಜಿಬಿಯೂ ಸಾಲದು. ಆದ್ದರಿಂದ ಫೋನನ್ನು ಮನೆಯಲ್ಲಿ ಯಾರು ಯಾರು ಬಳಸುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

4. ಪ್ಲಾನುಗಳ ಬಗೆಗಳು

ಅ) ದಿನವಹಿ ಡೇಟಾ ಪ್ಲಾನ್: ಇದು ಕಾಲುವೆಯ ಸರದಿ ನೀರಿನಂತೆ. ಆ ದಿನದ ಪಾಲನ್ನು ಆ ದಿನವೇ ಬಳಸಬೇಕು. ಮಧ್ಯರಾತ್ರಿಯ ನಂತರ ಉಳಿದದ್ದು ಸಾಮಾನ್ಯವಾಗಿ ಮರುದಿನಕ್ಕೆ ಸೇರುವುದಿಲ್ಲ. ಪಾಲು ಮುಗಿದ ಮೇಲೆ ವೇಗ ತೀರಾ ಕುಗ್ಗುತ್ತದೆ. ದಿನವೂ ವಿಡಿಯೊ ನೋಡುವ, ಮಕ್ಕಳ ಓದಿಗೆ ಬಳಸುವ ಕುಟುಂಬಗಳಿಗೆ ಇದು ಸೂಕ್ತ.

ಆ) ಒಟ್ಟು ಡೇಟಾ ಪ್ಲಾನ್: ಇದು ಕೃಷಿ ಹೊಂಡದಂತೆ. ಇಡೀ ಅವಧಿಗೆ ಕೆಲವು ಜಿಬಿ ಒಮ್ಮೆಗೇ ದೊರೆಯುತ್ತದೆ; ಬೇಕಾದಾಗ ಬಳಸಬಹುದು. ಮೇಲಿನ ಉದಾಹರಣೆಯ ರೈತರಿಗೆ ಇದು ಹೆಚ್ಚು ಅನುಕೂಲ.

ಇ) ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಲಾನ್: ಡೇಟಾ ಬೇಡದವರಿಗಾಗಿ ಇಂತಹ ಪ್ಲಾನ್ ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ, ಇದರ ಅವಧಿ 365 ದಿನಗಳವರೆಗೂ ಇರಬಹುದು. ಮನೆಯ ಹಿರಿಯರ ಫೋನಿಗೆ, ಬ್ಯಾಂಕಿಗೆ ಜೋಡಿಸಿದ ಎರಡನೇ ಸಿಮ್ಮಿಗೆ ಇದು ಉಪಯುಕ್ತ. ಅಂಗಡಿಯವರು ತಾವಾಗಿ ಹೇಳದಿದ್ದಲ್ಲಿ ಕೇಳಿ ಪಡೆಯಿರಿ.

ಈ) ಡೇಟಾ ವೋಚರ್: ಇದು ಮೇಲುಗೊಬ್ಬರದಂತೆ, ಮೂಲ ಪ್ಲಾನ್ ಚಾಲ್ತಿಯಲ್ಲಿದ್ದಾಗ ಮಾತ್ರ ಪ್ರಯೋಜನಕಾರಿ. ಕೇವಲ ಡೇಟಾ ವೋಚರ್ ಹಾಕಿಸಿಕೊಂಡರೆ ಕರೆ ಮಾಡಲು ಬರುವುದಿಲ್ಲ.

"ಅನಿಯಮಿತ 5ಜಿ" ಎಂಬ ಜಾಹೀರಾತು ಕಂಡಲ್ಲಿ ಮೂರು ವಿಷಯ ನೋಡಬೇಕು: ಫೋನು 5ಜಿ ಆಗಿರಬೇಕು, ಊರಿನಲ್ಲಿ 5ಜಿ ಸಿಗ್ನಲ್ ಇರಬೇಕು, ಆ ಪ್ಲಾನಿಗೆ ಈ ಸೌಲಭ್ಯ ಅನ್ವಯಿಸಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದಕ್ಕೆಂದು ಹೆಚ್ಚಿನ ಹಣ ಕೊಡುವುದು ವ್ಯರ್ಥ.

5. ಅವಧಿ ಮತ್ತು ದಿನದ ವೆಚ್ಚದ ಲೆಕ್ಕ

28 ದಿನದ ಪ್ಲಾನನ್ನು "ತಿಂಗಳ ಪ್ಲಾನ್" ಎನ್ನುವುದು ರೂಢಿ. ಆದರೆ 28 ದಿನಗಳಂತೆ ವರ್ಷ ತುಂಬಲು 13 ಬಾರಿ ಹಣ ಕಟ್ಟಬೇಕು. ಪ್ರತಿಯೊಂದು ಕಂಪನಿಯೂ 30 ದಿನದ ಒಂದು ಪ್ಲಾನ್ ಹಾಗೂ ಪ್ರತಿ ತಿಂಗಳು ಅದೇ ದಿನಾಂಕಕ್ಕೆ ನವೀಕರಿಸಬಹುದಾದ ಒಂದು ಪ್ಲಾನ್ ಹೊಂದಿರಬೇಕೆಂದು ಟ್ರಾಯ್ 2022ರಲ್ಲಿ ಆದೇಶಿಸಿದೆ.

ಪ್ಲಾನುಗಳನ್ನು ಹೋಲಿಸಲು ಬೆಲೆಯನ್ನು ದಿನಗಳಿಂದ ಭಾಗಿಸಿರಿ. ಲೆಕ್ಕಕ್ಕಾಗಿ ಒಂದು ಉದಾಹರಣೆ: 28 ದಿನಕ್ಕೆ 252 ರೂಪಾಯಿ ಇದ್ದರೆ ದಿನಕ್ಕೆ 9 ರೂಪಾಯಿ, 84 ದಿನಕ್ಕೆ 714 ರೂಪಾಯಿ ಇದ್ದರೆ ದಿನಕ್ಕೆ 8.50 ರೂಪಾಯಿ. ವರ್ಷಕ್ಕೆ ಸುಮಾರು 180 ರೂಪಾಯಿ ಉಳಿತಾಯ. ದರಗಳು ಆಗಾಗ ಬದಲಾಗುವುದರಿಂದ (2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಏರಿಸಿದಂತೆ) ರೀಚಾರ್ಜ್ ಮಾಡುವ ದಿನದ ದರದಲ್ಲಿಯೇ ಈ ಲೆಕ್ಕ ಮಾಡಿರಿ.

6. ಬೆಳೆ ಹಂಗಾಮಿಗೆ ಅನುಗುಣವಾಗಿ ರೀಚಾರ್ಜ್

ಈ ಭಾಗದ ರೈತರಿಗೆ ಫೋನು ಅತ್ಯಂತ ಅವಶ್ಯವಿರುವ ಕಾಲ ಜೂನ್‌ನಿಂದ ಅಕ್ಟೋಬರ್. ಕೈಯಲ್ಲಿ ಹಣ ಕಡಿಮೆ ಇರುವ ಕಾಲವೂ ಅದೇ. ಜೂನ್ 1ರಂದು 84 ದಿನದ ಪ್ಲಾನ್ ಹಾಕಿಸಿದರೆ ಆಗಸ್ಟ್ 23ರವರೆಗೆ ಬರುತ್ತದೆ. ಮರುದಿನವೇ ಇನ್ನೊಂದು ಹಾಕಿಸಿದರೆ ನವೆಂಬರ್ 15ರವರೆಗೆ ಸಾಗುತ್ತದೆ. ಎರಡು ರೀಚಾರ್ಜ್‌ಗಳಲ್ಲಿ ಸೋಯಾ ಅವರೆಯ ಬಿತ್ತನೆಯಿಂದ ಕೊಯ್ಲಿನವರೆಗಿನ ಕಾಲ ಪೂರ್ಣವಾಗುತ್ತದೆ. ಬೆಳೆ ಮಾರಿದ ಹಣ ಕೈಗೆ ಬಂದಾಗ ವಾರ್ಷಿಕ ಪ್ಲಾನ್ ಕೊಳ್ಳುವುದೂ ಉತ್ತಮ ಕ್ರಮ. ಮುಂದಿನ ಮುಂಗಾರಿನ ಕಷ್ಟದ ದಿನಗಳಲ್ಲಿ ಫೋನು ನಿಲ್ಲುವುದಿಲ್ಲ.

ಇದು ಏಕೆ ಮುಖ್ಯ? ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಹೊಲ ಜಲಾವೃತವಾದಂತಹ ಸ್ಥಳೀಯ ವಿಪತ್ತಿಗೆ ಅಥವಾ ಕೊಯ್ದು ಒಣಗಲು ಹರಡಿದ ಬೆಳೆ 14 ದಿನಗಳ ಒಳಗೆ ಅಕಾಲಿಕ ಮಳೆಗೆ ಸಿಲುಕಿದ್ದಲ್ಲಿ, ನಷ್ಟವನ್ನು 72 ಗಂಟೆಗಳ ಒಳಗೆ ತಿಳಿಸಬೇಕು. ಕೊಯ್ದ ಸೋಯಾ ಹೊಲದಲ್ಲಿ ನೆನೆಯುತ್ತಿರುವಾಗ ರೀಚಾರ್ಜ್ ಮುಗಿದಿದ್ದರೆ, ಆ ಮೂರು ದಿನಗಳು ಕೈತಪ್ಪುವ ಸಂಭವವಿದೆ. ರೀಚಾರ್ಜ್‌ನಲ್ಲಿ ಉಳಿಸಿದ ಕೆಲವು ರೂಪಾಯಿಗಳಿಗೆ ಹೋಲಿಸಿದರೆ ಆ ನಷ್ಟ ಬಹಳ ದೊಡ್ಡದು.

7. ಸಂಖ್ಯೆಯನ್ನು ಸಾಯಲು ಬಿಡಬೇಡಿ

ಅವಧಿ ಮುಗಿದೊಡನೆ ಹೊರಹೋಗುವ ಕರೆಗಳು ನಿಲ್ಲುತ್ತವೆ. ಕೆಲವು ದಿನಗಳ ನಂತರ ಒಳಬರುವ ಕರೆ ಮತ್ತು ಎಸ್‌ಎಂಎಸ್ ಕೂಡ ನಿಲ್ಲುತ್ತವೆ. ಆಗ ಒಟಿಪಿ ಬರುವುದಿಲ್ಲ. 90 ದಿನಗಳ ಕಾಲ ಬಳಸದ ಸಂಖ್ಯೆಯನ್ನು ಕಂಪನಿ ರದ್ದುಪಡಿಸಬಹುದು, ಬಳಿಕ ಅದು ಬೇರೆಯವರಿಗೆ ಹಂಚಿಕೆಯಾಗಬಹುದು. ನಿಮ್ಮ ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆ ಅಪರಿಚಿತರ ಕೈಸೇರುವುದು ಅಪಾಯಕರ. ಹೈದರಾಬಾದ್ ಅಥವಾ ಪುಣೆಗೆ ದುಡಿಯಲು ಹೋಗುವವರು ಅಲ್ಲಿ ಹೊಸ ಸಿಮ್ ಕೊಂಡು ಊರಿನ ಸಂಖ್ಯೆಯನ್ನು ಮರೆಯಬಾರದು. ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಹಳೆಯದಕ್ಕೆ ಕರೆ-ಎಸ್‌ಎಂಎಸ್ ಪ್ಲಾನ್ ಸಾಕು. ಸಂಖ್ಯೆ ಬದಲಿಸಲೇಬೇಕಾದಲ್ಲಿ ಬ್ಯಾಂಕ್, ಆಧಾರ್ ಮತ್ತು ಫ್ರೂಟ್ಸ್ ದಾಖಲೆಗಳಲ್ಲಿ ಮೊದಲು ತಿದ್ದುಪಡಿ ಮಾಡಿಸಿರಿ.

8. ಡೇಟಾ ಮಿತವ್ಯಯದ ಕ್ರಮಗಳು

• ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿರಿ.
• ಯೂಟ್ಯೂಬ್‌ನಲ್ಲಿ ಡೇಟಾ ಸೇವರ್ ಆಯ್ಕೆ ಮಾಡಿರಿ.
• ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳು ವೈಫೈ ಇದ್ದಾಗ ಮಾತ್ರ ನವೀಕರಣಗೊಳ್ಳುವಂತೆ ಹೊಂದಿಸಿರಿ.
• ಬೆಳೆ ಸಮೀಕ್ಷೆ ಆ್ಯಪ್ ಬಳಸುವವರು ಸಿಗ್ನಲ್ ಇರುವ ಕಡೆ ಸರ್ವೆ ನಂಬರಿನ ಮಾಹಿತಿ ಮತ್ತು ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡು ಹೊಲಕ್ಕೆ ತೆರಳಿರಿ.
• ಡೇಟಾ ಸೇವೆಯನ್ನೇ ಸ್ಥಗಿತಗೊಳಿಸಲು ಅಥವಾ ಪುನಃ ಆರಂಭಿಸಲು 1925 ಉಚಿತ ಸಂಖ್ಯೆ ಇದೆ.

9. ಡೇಟಾ ಇಲ್ಲದೆಯೂ ದೊರೆಯುವ ಸೇವೆಗಳು

ಕಿಸಾನ್ ಕಾಲ್ ಸೆಂಟರ್ (1800-180-1551) ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿ ಉಚಿತ ಸಲಹೆ ನೀಡುತ್ತದೆ. ಮಳೆ ಮುನ್ಸೂಚನೆಗೆ ವರುಣಮಿತ್ರ (92433 45433), ಬೆಳೆ ವಿಮೆ ದೂರಿಗೆ 14447, ಹಣ ವಂಚನೆಯಾದಲ್ಲಿ ತಕ್ಷಣ 1930ಕ್ಕೆ ಕರೆ ಮಾಡಿರಿ. ಇವೆಲ್ಲಕ್ಕೂ ಕರೆ ಸೌಲಭ್ಯವಷ್ಟೇ ಸಾಕು. ಡೇಟಾ ಇದ್ದವರು ಮೇಘದೂತ್ ಆ್ಯಪ್‌ನಲ್ಲಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಪಡೆಯಬಹುದು. ಪಿಎಂ-ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತಗಳನ್ನು ಯಾವ ಕಾರಣಕ್ಕೂ ತೆರೆಯಬಾರದು.

10. ವಿಸ್ತರಣಾ ಕಾರ್ಯಕರ್ತರಿಗೆ

ಗುಂಪುಗಳಿಗೆ ನಾವು ಕಳುಹಿಸುವ ಪ್ರತಿಯೊಂದು ವಿಡಿಯೊ ರೈತರ ಡೇಟಾದಿಂದ ಕಳೆಯುತ್ತದೆ. 50 ಎಂಬಿಯ ವಿಡಿಯೊ 200 ಸದಸ್ಯರ ಗುಂಪಿನಲ್ಲಿ ಎಲ್ಲರಿಗೂ ಇಳಿದರೆ ಒಟ್ಟು 10 ಜಿಬಿ ವ್ಯಯವಾಗುತ್ತದೆ. ಅದೇ ಸಲಹೆಯನ್ನು ಎರಡು ನಿಮಿಷದ ಧ್ವನಿ ಸಂದೇಶ ಮತ್ತು ಒಂದು ಫೋಟೊ ಮೂಲಕ ನೀಡಿದರೆ ಓದಲು ಬಾರದವರಿಗೂ ತಲುಪುತ್ತದೆ. ತುರ್ತು ಸಲಹೆಗಳನ್ನು ಎಸ್‌ಎಂಎಸ್ ಮೂಲಕವೂ ಕಳುಹಿಸಿರಿ. ತರಬೇತಿಗೆ ಬಂದ ರೈತರ ಪ್ಲಾನ್ ಮುಗಿಯುವ ದಿನಾಂಕವನ್ನು ಅವರ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಡುವುದು ಚಿಕ್ಕ ಕೆಲಸವಾದರೂ ಬಹಳ ಉಪಯುಕ್ತ.

ರೀಚಾರ್ಜ್‌ಗೆ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

1. ನನ್ನ ಮನೆಯಲ್ಲೂ ಹೊಲದಲ್ಲೂ ಈ ಕಂಪನಿಯ 4ಜಿ ಸಿಗುತ್ತದೆಯೇ?
2. ಡೇಟಾ ದಿನವಹಿಯೇ, ಒಟ್ಟಾರೆಯೇ?
3. ಎಷ್ಟು ದಿನ, ದಿನಕ್ಕೆ ಎಷ್ಟು ರೂಪಾಯಿ?
4. ಕರೆ, ಎಸ್‌ಎಂಎಸ್, ರಾಷ್ಟ್ರೀಯ ರೋಮಿಂಗ್ ಮೂರೂ ಸೇರಿವೆಯೇ?
5. ಮುಂದಿನ ರೀಚಾರ್ಜ್ ದಿನಾಂಕ ಕೊಯ್ಲಿನ ನಡುವೆ ಬರುತ್ತದೆಯೇ?

ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಉತ್ತರ ತೃಪ್ತಿಕರವಾಗಿದ್ದಲ್ಲಿ ಮಾತ್ರ ಹಣ ನೀಡಿರಿ, ರೀಚಾರ್ಜ್ ಆದ ಸಂದೇಶ ಬಂದು ಅದರಲ್ಲಿನ ಅವಧಿಯನ್ನು ನೋಡಿದ ನಂತರವೇ ಅಂಗಡಿಯಿಂದ ಹೊರಡಿರಿ.